ರಾಬಿಟ್‌ಎಂಕ್ಯೂಗೆ ಮೆಸೇಜ್ ನುಗ್ಗುವುದನ್ನು ನಿಧಾನ ಮಾಡುವುದು ಹೇಗೆ? ಸ್ಲೀಪ್ ಹಾಕಿ ಸೋತಿದ್ದೇನೆ

ಗಿಣ್ಣುಪ್ರಿಯ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ. ವಿವರ ಕೊಡದೆ ಕೇಳಿದರೆ ಹೇಗೂ ನೀವೇ ವಾಪಸ್ ಕೇಳ್ತೀರಿ.

ನಾನಿರುವುದು ಒಂದು ಸಣ್ಣ ಕಂಪನಿ. ಹಳ್ಳಿ ಡೇರಿಗಳಿಗೆ ಸಾಫ್ಟ್‌ವೇರ್ ಮಾಡುತ್ತೇವೆ. ಬೆಳಿಗ್ಗೆ ಆರರಿಂದ ಎಂಟೂವರೆ, ಸಂಜೆ ಐದರಿಂದ ಏಳೂವರೆ, ಜನ ಹಾಲು ತಂದು ಹಾಕುತ್ತಾರೆ. ತೂಕದ ಯಂತ್ರಕ್ಕೂ ಫ್ಯಾಟ್ ನೋಡುವ ಯಂತ್ರಕ್ಕೂ ನಮ್ಮದೊಂದು ಪೆಟ್ಟಿಗೆ ಜೋಡಿಸಿರುತ್ತೇವೆ. ರೈತರ ನಂಬರ್, ಎಷ್ಟು ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ), ಇಷ್ಟು ಸೇರಿದರೆ ಒಂದು ರೆಕಾರ್ಡ್. ಚೀಟಿ ಅಲ್ಲೇ ಪ್ರಿಂಟ್ ಆಗುತ್ತೆ, ಅದಕ್ಕೆ ಸರ್ವರ್ ಬೇಕಿಲ್ಲ. ಪೆಟ್ಟಿಗೆ ಆ ರೆಕಾರ್ಡನ್ನು ನಮ್ಮ ಎಪಿಐಗೆ (ಸರ್ವರ್‌ನಲ್ಲಿ ಡೇಟಾ ತಗೊಳ್ಳುವ ಬಾಗಿಲು) ಕಳಿಸುತ್ತೆ, ಎಪಿಐ ಅದನ್ನು ರಾಬಿಟ್‌ಎಂಕ್ಯೂಗೆ, ಅಂದರೆ ಮೆಸೇಜ್‌ಗಳನ್ನು ಕ್ಯೂನಲ್ಲಿ ಇಟ್ಟುಕೊಳ್ಳುವ ಬ್ರೋಕರ್‌ಗೆ, ಹಾಕುತ್ತೆ (ಪಬ್ಲಿಷ್ ಅನ್ನೋದು ಇದನ್ನೇ), ಆ ಕಡೆಯಿಂದ ಪೈಥಾನ್ ವರ್ಕರ್‌ಗಳು ತೆಗೆದು ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಬರೆಯುತ್ತವೆ. ಒಟ್ಟು ಸುಮಾರು 1,100 ಡೇರಿ. ಮಾಮೂಲಿ ದಿನ ಜಾಸ್ತಿ ಅಂದರೆ ಸೆಕೆಂಡಿಗೆ 60-70 ಮೆಸೇಜ್. ವರ್ಕರ್‌ಗಳು 250ರ ತನಕ ಎಳೆಯುತ್ತವೆ. ಆರಾಮ.

ತೊಂದರೆ ಬರೋದು ನೆಟ್ ಹೋದಾಗ. ನೆಟ್ ಇಲ್ಲದಿದ್ದರೆ ಪೆಟ್ಟಿಗೆ ಆ ಹೊತ್ತಿನ ಎಲ್ಲ ರೆಕಾರ್ಡನ್ನೂ ಒಂದು ಫೈಲಿನಲ್ಲಿ ಇಟ್ಟುಕೊಂಡು, ನೆಟ್ ಬಂದ ತಕ್ಷಣ ಇಡೀ ಫೈಲನ್ನು ಒಂದೇ ಸಲಕ್ಕೆ ಕಳಿಸುತ್ತೆ. ಎಪಿಐ ಅದನ್ನು ಬಿಚ್ಚಿ ಒಂದೊಂದು ರೆಕಾರ್ಡಿಗೆ ಒಂದೊಂದು ಮೆಸೇಜ್ ಮಾಡುತ್ತೆ. ಹೋದ ವಾರ ಒಂದು ಕಡೆ ರಸ್ತೆ ಅಗೆಯುವಾಗ ಫೈಬರ್ ಕಟ್ ಆಯಿತು. ಸಂಜೆಯ ಹಾಲು, ಮರುದಿನ ಬೆಳಗಿನ ಹಾಲು, ಎರಡೂ ಪೆಟ್ಟಿಗೆಗಳಲ್ಲೇ ಉಳಿದವು. 9:40ಕ್ಕೆ ನೆಟ್ ಬಂತು. 380 ಪೆಟ್ಟಿಗೆ ಒಂದೇ ಉಸಿರಿಗೆ ಕಳಿಸಿದವು. 9:52ಕ್ಕೆ ನೋಡಿದರೆ ಕ್ಯೂನಲ್ಲಿ 4 ಲಕ್ಷ ಮೆಸೇಜ್, ರಾಬಿಟ್‌ನ ಕನೆಕ್ಷನ್ ಎಲ್ಲಾ ಬ್ಲಾಕ್ಡ್, ಎಪಿಐ ಕಲ್ಲಿನ ಹಾಗೆ ಕೂತಿದೆ. ಕೊನೆಗೆ ಎಪಿಐ ನಿಲ್ಲಿಸಿ, ಕ್ಯೂ ಖಾಲಿಯಾಗಲಿ ಅಂತ ಅರ್ಧ ಗಂಟೆ ಪರದೆ ನೋಡುತ್ತಾ ಕೂತೆ.

ಅಷ್ಟಕ್ಕೇ ಮುಗಿಯಲಿಲ್ಲ. ಮಧ್ಯಾಹ್ನ ಒಬ್ಬ ಕಾರ್ಯದರ್ಶಿ ಫೋನ್ ಮಾಡಿ, "ಒಂದೇ ಎಮ್ಮೆ ಇರೋ ಮನೆಗೆ ಒಂದೇ ಹೊತ್ತಿಗೆ 18 ಲೀಟರ್ ತೋರಿಸ್ತಿದೆ, ಎಮ್ಮೆ ನಮ್ಮದೋ ನಿಮ್ಮದೋ" ಅಂತ ಕೇಳಿದರು. ಹಾಕಿದ್ದು ನಾಲ್ಕೂವರೆ ಲೀಟರ್.

ಇದೇ ಥರ ಹಿಂದೆಯೂ ಒಮ್ಮೆ ಸಣ್ಣದಾಗಿ ಆಗಿತ್ತು. ಆಗ ನಾನು ಎಪಿಐನಲ್ಲಿ ಒಂದೊಂದು ಪಬ್ಲಿಷ್ ಆದ ಮೇಲೂ 10 ಮಿಲಿಸೆಕೆಂಡ್ ಸ್ಲೀಪ್ (ಸುಮ್ಮನೆ ಕಾಯಿಸುವ ಸಾಲು) ಹಾಕಿದ್ದೆ. ನಗಬೇಡಿ. ಎಪಿಐ 8 ಪ್ರೊಸೆಸ್ ಓಡುತ್ತೆ. ರಾಬಿಟ್ 3.8, ಮೆಷಿನ್ನು 2 ಜಿಬಿ. ಪೆಟ್ಟಿಗೆ 10 ಸೆಕೆಂಡ್ ಕಾದು ಉತ್ತರ ಬರದಿದ್ದರೆ ಮತ್ತೆ ಕಳಿಸುತ್ತೆ.

ಬಾಸ್ ದೊಡ್ಡ ಸರ್ವರ್ ತಗೊಳ್ಳೋಣ ಅಂತಿದ್ದಾರೆ. ನನ್ನ ಪ್ರಶ್ನೆ ಇಷ್ಟೇ: ಸೆಕೆಂಡಿಗೆ ಇಷ್ಟೇ ತಗೋ ಅಂತ ರಾಬಿಟ್‌ಗೇ ಹೇಳಲು ಬರುತ್ತಾ? ಇಲ್ಲದಿದ್ದರೆ ಮಿತಿಯನ್ನು ಎಲ್ಲಿ ಹಾಕಬೇಕು, ಪೆಟ್ಟಿಗೆಯಲ್ಲೋ, ಎಪಿಐನಲ್ಲೋ?

ಬೆಂಚಿನಕೊನೆ

ಸ್ಲೀಪ್ ಹಾಕಿದವರು ಕೈ ಎತ್ತಿ. ನಾನು ಎರಡೂ ಕೈ ಎತ್ತಿದ್ದೇನೆ.

ಹಳೇಸರ್ವರ್

ಮೊದಲು ನೇರ ಉತ್ತರ. ಒಬ್ಬ ಪಬ್ಲಿಷರ್‌ಗೆ ಸೆಕೆಂಡಿಗೆ ಇಷ್ಟು ಮೆಸೇಜ್ ಅಂತ ಕಟ್ಟುವ ಸೆಟ್ಟಿಂಗ್ ರಾಬಿಟ್‌ನಲ್ಲಿ ಇಲ್ಲ. ಅದರ ಬಳಿ ಇರುವುದು ಎರಡು ಬ್ರೇಕು, ಎರಡೂ ಅದನ್ನು ಉಳಿಸಿಕೊಳ್ಳಲು ಇರುವವು, ನಿಮ್ಮನ್ನು ಉಳಿಸಲು ಅಲ್ಲ.

ಒಂದು ಫ್ಲೋ. ಕನೆಕ್ಷನ್ ಓದುವ ಪ್ರೊಸೆಸ್, ಚಾನೆಲ್, ಕ್ಯೂ, ಇವು ಒಂದಕ್ಕೊಂದು ಕ್ರೆಡಿಟ್ ಕೊಡುತ್ತವೆ. ಮುಂದಿನವನು ಕ್ರೆಡಿಟ್ ಕೊಡುವುದು ತಡವಾದರೆ ಹಿಂದಿನವನು ನಿಲ್ಲುತ್ತಾನೆ. ಹಾಗೇ ಹಿಂದಕ್ಕೆ ಬಂದು ಕೊನೆಗೆ ಸಾಕೆಟ್ ಓದುವುದೇ ನಿಧಾನವಾಗುತ್ತೆ. ಮ್ಯಾನೇಜ್‌ಮೆಂಟ್ ಪರದೆಯಲ್ಲಿ ಕನೆಕ್ಷನ್ ಪಕ್ಕ ಫ್ಲೋ ಅಂತ ಬರೋದು ಇದೇ. ಅದು ರೋಗ ಅಲ್ಲ, ಬಂದು ಹೋಗುತ್ತಿರುತ್ತೆ. ಆದರೆ ಒಂದು ಮಾತು ನೆನಪಿರಲಿ, ಇದು ಬ್ರೋಕರ್ ಎಷ್ಟು ಬೇಗ ಮೆಸೇಜನ್ನು ಒಳಗೆ ಇಟ್ಟುಕೊಳ್ಳಬಲ್ಲದು ಅನ್ನುವುದನ್ನು ಮಾತ್ರ ನೋಡುತ್ತೆ. ನಿಮ್ಮ ವರ್ಕರ್ ಎಷ್ಟು ಬೇಗ ತೆಗೆಯುತ್ತಾನೆ ಅನ್ನುವುದು ಅದಕ್ಕೆ ಬೇಕಿಲ್ಲ. ಅದಕ್ಕೇ ಕ್ಯೂ ಲಕ್ಷಗಟ್ಟಲೆ ಬೆಳೆಯಲು ಅದು ಬಿಟ್ಟಿತು.

ಎರಡನೆಯದು ನೀವು ನೋಡಿದ ಬ್ಲಾಕ್ಡ್. 3.8ರಲ್ಲಿ ಮೆಮೊರಿಯ ಗೆರೆ ಡಿಫಾಲ್ಟಾಗಿ 0.4, ಅಂದರೆ ನಿಮ್ಮ 2 ಜಿಬಿಯಲ್ಲಿ ಸುಮಾರು 800 ಎಂಬಿ. ಅದನ್ನು ದಾಟಿದರೆ ಪಬ್ಲಿಷ್ ಮಾಡಲು ಬರುವ ಎಲ್ಲ ಕನೆಕ್ಷನ್‌ಗಳೂ ನಿಲ್ಲುತ್ತವೆ. ಡಿಸ್ಕಿಗೂ ಇಂಥದೇ ಗೆರೆ ಇದೆ, ಡಿಫಾಲ್ಟು ಬರೀ 50 ಎಂಬಿ, ಅದು ತಮಾಷೆಯ ಅಂಕಿ, ಬದಲಾಯಿಸಿ. ಇನ್ನು ಎಪಿಐ ಕಲ್ಲಾಗಿದ್ದು ಏಕೆಂದರೆ, ನೀವು ಬಳಸುತ್ತಿರುವುದು ಬಹುಶಃ ಪಿಕಾ (ಪೈಥಾನ್‌ನಿಂದ ರಾಬಿಟ್ ಜೊತೆ ಮಾತಾಡುವ ಲೈಬ್ರರಿ), ಅದರಲ್ಲಿ ಬ್ಲಾಕ್ ಆದ ಕನೆಕ್ಷನ್ ಎಷ್ಟು ಹೊತ್ತು ಕಾಯಬೇಕು ಅನ್ನುವ ಟೈಮ್‌ಔಟ್ ಡಿಫಾಲ್ಟಾಗಿ ಇರುವುದೇ ಇಲ್ಲ. ಅದು ಯುಗಾಂತರದ ತನಕ ಕಾಯುತ್ತೆ.

ಈಗ ನಿಮ್ಮ ಲೆಕ್ಕಕ್ಕೆ ಬರ್ತೀನಿ, ನನಗೆ ಅದೇ ಕಚ್ಚುತ್ತಿದೆ. ಒಂದು ಡೇರಿಗೆ ಒಂದು ಹೊತ್ತಿಗೆ ಎಷ್ಟು ಜನ ಹಾಲು ಹಾಕುತ್ತಾರೆ? 150 ಅಂತ ಇಟ್ಟುಕೊಳ್ಳಿ. 380 ಡೇರಿ, ಎರಡು ಹೊತ್ತು. 380 × 150 × 2 ಅಂದರೆ 1,14,000. ನಿಮ್ಮ ಕ್ಯೂನಲ್ಲಿ ಇದ್ದದ್ದು 4 ಲಕ್ಷ. ಉಳಿದ ಎರಡೂಮುಕ್ಕಾಲು ಲಕ್ಷ ಯಾವ ಹಸು ಕೊಟ್ಟಿತು?

1,14,000ನ್ನು ಸೆಕೆಂಡಿಗೆ 250ರ ಹಾಗೆ ತೆಗೆದರೆ ಎಂಟು ನಿಮಿಷ ಸಾಕು. ಅಂದರೆ ನೆಟ್ ಬಂದಾಗ ಬಂದ ನಿಜವಾದ ಹಾಲು ನಿಮ್ಮ ಈಗಿನ ಪುಟ್ಟ ಸರ್ವರ್‌ಗೂ ಒಂದು ಕಾಫಿ ಕುಡಿಯುವಷ್ಟು ಹೊತ್ತಿನ ಕೆಲಸ. ಮುಳುಗಿಸಿದ್ದು ರೀಟ್ರೈ, ಅಂದರೆ ಪೆಟ್ಟಿಗೆ ಅದೇ ಫೈಲನ್ನು ಮತ್ತೆ ಮತ್ತೆ ಕಳಿಸಿದ್ದು. ಎಮ್ಮೆಗೆ 18 ಲೀಟರ್ ಬಂದದ್ದೂ ಅಲ್ಲಿಂದಲೇ, ನಾಲ್ಕೂವರೆ ನಾಲ್ಕಲೆ ಹದಿನೆಂಟು.

ಇನ್ನು ಸ್ಲೀಪ್. 10 ಮಿಲಿಸೆಕೆಂಡ್ ಅಂದರೆ ಒಂದು ಪ್ರೊಸೆಸ್ ಸೆಕೆಂಡಿಗೆ 100. ಎಂಟು ಪ್ರೊಸೆಸ್, 800. ವರ್ಕರ್ ಎಳೆಯೋದು 250. ಹಾಗಾಗಿ ಮಿತಿ ಅಂತ ನೀವು ಹಾಕಿದ್ದು ಮಿತಿಯೇ ಅಲ್ಲ. ಸೆಕೆಂಡಿಗೆ 550ರಂತೆ ಹನ್ನೆರಡು ನಿಮಿಷ ಬೆಳೆದರೆ ಸುಮಾರು 4 ಲಕ್ಷ, ನಿಮ್ಮ 9:40ರಿಂದ 9:52ಕ್ಕೆ ಸರಿಯಾಗಿ ಕೂರುತ್ತೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಒಂದು ಫೈಲಿಗೆ 150 ರೆಕಾರ್ಡ್, ಸ್ಲೀಪ್ ಒಂದರಿಂದಲೇ ಒಂದೂವರೆ ಸೆಕೆಂಡ್. 380 ಪೆಟ್ಟಿಗೆ ಎಂಟು ಪ್ರೊಸೆಸ್ ಮುಂದೆ ಸಾಲು ನಿಂತರೆ ಕೊನೆಯವನ ಪಾಳಿ ಬರಲು 70 ಸೆಕೆಂಡ್ ದಾಟುತ್ತೆ. ಪೆಟ್ಟಿಗೆಯ ತಾಳ್ಮೆ 10 ಸೆಕೆಂಡ್. ಅದು ಬಿಟ್ಟು ಹೋಗಿ ಮತ್ತೆ ಸಾಲಿನ ಕೊನೆಗೆ ನಿಲ್ಲುತ್ತೆ. ಆದರೆ ಅದರ ಹಳೇ ರಿಕ್ವೆಸ್ಟ್ ಸಾಲಿನಲ್ಲೇ ಇದೆ, ಎಪಿಐ ಅದನ್ನೂ ಎತ್ತಿಕೊಂಡು 150 ಮೆಸೇಜ್ ಪಬ್ಲಿಷ್ ಮಾಡಿ, ಯಾರೂ ಇಲ್ಲದ ಕಡೆಗೆ ಓಕೆ ಅಂತ ಉತ್ತರ ಕೊಡುತ್ತೆ. ಒಂದೊಂದು ಫೈಲೂ ಸುಮಾರು ಐದು ಸಲ ಹೀಗೆ ಒಳಗೆ ಹೋಗಿ, ಅಷ್ಟರಲ್ಲಿ ವರ್ಕರ್ ತೆಗೆದದ್ದನ್ನು ಕಳೆದರೆ ನಿಮ್ಮ 4 ಲಕ್ಷ ಸಿಕ್ಕಿತು.

ಕಾಯಿಸುವುದು ತಪ್ಪಲ್ಲ. ಎದುರಿಗಿರುವವನ ತಾಳ್ಮೆಗಿಂತ ಜಾಸ್ತಿ ಕಾಯಿಸಿದ್ದು ತಪ್ಪು. ಮೊದಲು ಟೇಬಲ್ ನೋಡಿ, ಡೂಪ್ಲಿಕೇಟ್ ತೆಗೆದರೆ ಎಷ್ಟು ಉಳಿಯುತ್ತೆ ಅಂತ ಬಂದು ಹೇಳಿ.

ತುಂಗಾತೀರ

ಇದಕ್ಕೆಲ್ಲಾ ಕಾಫ್ಕಾದಲ್ಲಿ (ರಾಬಿಟ್ ಥರ ಇನ್ನೊಂದು ಬ್ರೋಕರ್) ಕೋಟಾ ಇದೆ ಗುರು. ಯೂಸರ್‌ಗೋ ಕ್ಲೈಂಟ್ ಐಡಿಗೋ ಪ್ರೊಡ್ಯೂಸರ್_ಬೈಟ್_ರೇಟ್ ಹಾಕಿದರೆ ಮುಗೀತು. ಮಿತಿ ದಾಟಿದವನಿಗೆ ಬ್ರೋಕರ್ ಎರರ್ ಕೊಡುವುದಿಲ್ಲ, ಎಷ್ಟು ಹೊತ್ತು ಕಾಯಬೇಕು ಅಂತ ಲೆಕ್ಕ ಹಾಕಿ, ಉತ್ತರದಲ್ಲೇ ಅದನ್ನು ತಿಳಿಸಿ, ಅಷ್ಟು ಹೊತ್ತು ಆ ಕನೆಕ್ಷನ್ನಿಂದ ಓದುವುದನ್ನೇ ನಿಲ್ಲಿಸುತ್ತೆ. ನಾವು ಹಾಗೇ ಓಡಿಸುತ್ತಿದ್ದೇವೆ. ಒಂದು ಟೀಮಿನ ಲಾಗ್ ಪ್ರವಾಹಕ್ಕೆ ಇನ್ನೊಂದು ಟೀಮಿನ ಆರ್ಡರ್ ಸಾಯಬಾರದು ಅಂತಿದ್ದರೆ ಇದಕ್ಕಿಂತ ಒಳ್ಳೆಯದು ಸಿಗಲ್ಲ. 4 ಲಕ್ಷ ಮೆಸೇಜಿಗೆ ಕಾಫ್ಕಾ ಕಣ್ಣೂ ಮಿಟುಕಿಸಲ್ಲ, ಅದು ಹೇಗೂ ಡಿಸ್ಕಿಗೇ ಬರೆಯೋದು.

ಹಳೇಸರ್ವರ್

ತುಂಗಾತೀರ ಅವರೇ, ಕೋಟಾ ಒಳ್ಳೆಯದೇ, ಇಲ್ಲ ಅನ್ನಲ್ಲ. ಆದರೆ ಎರಡು ವಿಷಯ ಹೇಳದೆ ಬಿಟ್ಟಿರಿ. ಆ ಕೋಟಾ ಒಂದೊಂದು ಬ್ರೋಕರ್‌ಗೆ ಬೇರೆ ಬೇರೆ ಲೆಕ್ಕ. ಸೆಕೆಂಡಿಗೆ 1 ಎಂಬಿ ಅಂತ ಹಾಕಿ ಮೂರು ಬ್ರೋಕರ್ ಇದ್ದರೆ ಒಟ್ಟು 3 ಎಂಬಿ ತನಕ ಹೋಗಬಹುದು. ಮತ್ತೆ, ಬ್ರೋಕರ್ ನಿಧಾನ ಮಾಡಿದಾಗ ಮೆಸೇಜ್ ಎಲ್ಲಿ ಕಾಯುತ್ತೆ? ಪ್ರೊಡ್ಯೂಸರ್ ಒಳಗಿನ ಬಫರಿನಲ್ಲಿ. ಜಾವಾ ಕ್ಲೈಂಟಿನಲ್ಲಿ ಅದು ಡಿಫಾಲ್ಟಾಗಿ 32 ಎಂಬಿ. ಅದು ತುಂಬಿದರೆ ಸೆಂಡ್ ಅನ್ನುವ ಕರೆ 60 ಸೆಕೆಂಡ್ ತನಕ ನಿಂತು ಆಮೇಲೆ ಎಕ್ಸೆಪ್ಶನ್ ಎಸೆಯುತ್ತೆ. ಇವರ ಪೆಟ್ಟಿಗೆ 10 ಸೆಕೆಂಡಿಗೇ ಎದ್ದು ಹೋಗುತ್ತೆ. ಕಾಫ್ಕಾ ಹಾಕಿದರೂ ಎಪಿಐ ಬಾಗಿಲಲ್ಲಿ ಇದೇ ಜಗಳ, ಬೇರೆ ಹೆಸರಿನಲ್ಲಿ. ಸೆಕೆಂಡಿಗೆ 70 ಮೆಸೇಜ್ ಇರುವ ಕಡೆ ಅದನ್ನು ಸಾಕಲು ಒಬ್ಬ ಆಳು ಬೇರೆ ಬೇಕು.

ತುಂಗಾತೀರ

ಒಪ್ಪಿದೆ, 70ಕ್ಕೆ ಜಾಸ್ತಿಯಾಯ್ತು. ಆದರೂ ಕೋಟಾ ಇರುವುದು ಗೊತ್ತಿರಲಿ ಅಂತ ಹೇಳಿದೆ ಅಷ್ಟೇ. ಥ್ರಾಟಲ್ ಎಷ್ಟಾಗುತ್ತಿದೆ ಅನ್ನುವ ಅಂಕಿ ಕ್ಲೈಂಟ್ ಮೆಟ್ರಿಕ್ಸ್‌ನಲ್ಲೇ ಬರುತ್ತೆ, ರಾಬಿಟ್ ಜನಕ್ಕೆ ಅದು ಸಿಗಲ್ಲ ಅನ್ನೋದು ನನ್ನ ಸಣ್ಣ ಖುಷಿ.

ಗಿಣ್ಣುಪ್ರಿಯ

ಹಳೇಸರ್ವರ್ ಸರ್, ನೋಡಿದೆ. ಡೇರಿ ನಂಬರ್, ತಾರೀಖು, ಹೊತ್ತು, ಕ್ರಮಸಂಖ್ಯೆ, ಈ ನಾಲ್ಕನ್ನೂ ಸೇರಿಸಿ ಬೇರೆ ಬೇರೆ ಎಷ್ಟಿವೆ ಅಂತ ಎಣಿಸಿದೆ. 1,12,000 ಚಿಲ್ಲರೆ. ಉಳಿದದ್ದೆಲ್ಲಾ ಅದೇ ಹಾಲು ಮತ್ತೆ ಮತ್ತೆ. ಸ್ಲೀಪ್ ಹಾಕಿದ ದಿನ ನಾನೇ ಬಾಸ್ ಹತ್ತಿರ ಶಹಬ್ಬಾಸ್ ಅನ್ನಿಸಿಕೊಂಡಿದ್ದೆ, ಈಗ ಅದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತೆ.

ಈಗ ಇರುವ ತೊಡಕು ಇದು. ಪೆಟ್ಟಿಗೆಯಲ್ಲಿ ಎರಡು ಥರ. ಹೊಸವನ್ನು ಆಫೀಸಿನಿಂದಲೇ ಅಪ್‌ಡೇಟ್ ಮಾಡಬಹುದು. ಸುಮಾರು 300 ಹಳೆಯವು, ಅವಕ್ಕೆ ಊರಿಗೇ ಹೋಗಿ ಮೆಮೊರಿ ಕಾರ್ಡ್ ಬದಲಾಯಿಸಬೇಕು. ಹಳೆಯವಕ್ಕೆ 200 (ಸರಿ, ತಲುಪಿತು ಅನ್ನುವ ಎಚ್‌ಟಿಟಿಪಿ ಉತ್ತರ) ಬಿಟ್ಟು ಬೇರೆ ಯಾವ ಉತ್ತರ ಬಂದರೂ ಒಂದೇ, ಸೋತೆ ಅಂದುಕೊಂಡು 10 ಸೆಕೆಂಡ್ ಬಿಟ್ಟು ಮತ್ತೆ ಅದೇ ಫೈಲ್. 429 (ಜಾಸ್ತಿ ಕಳಿಸ್ತಿದ್ದೀಯ ಅನ್ನುವ ಉತ್ತರ) ಕೊಟ್ಟು ಇಷ್ಟು ಹೊತ್ತು ಬಿಟ್ಟು ಬಾ ಅಂದರೆ ಕೇಳುವ ಕಿವಿ ಅವಕ್ಕಿಲ್ಲ.

ಕರಾವಳಿ_ಕೋಡ್

ಮಾರಾಯ್ರೆ, ಕಿವಿ ಇಲ್ಲದ ಸಾಧನಗಳ ಜೊತೆ ನಾನು ಆರು ವರ್ಷ ಸಂಸಾರ ಮಾಡಿದ್ದೇನೆ, ಬೋಟಿನ ಟ್ರ್ಯಾಕರ್‌ಗಳು. ದಡಕ್ಕೆ ಬಂದು ಸಿಗ್ನಲ್ ಸಿಕ್ಕ ಕೂಡಲೇ ಮೂರು ದಿನದ್ದನ್ನು ಒಟ್ಟಿಗೆ ಕಕ್ಕುತ್ತವೆ. ನಿಮ್ಮದೂ ಅದೇ ಜಾತಿ.

ನನ್ನ ಮಟ್ಟಿಗೆ ನಿಮ್ಮ ಮೊದಲ ತಪ್ಪು ವೇಗದ್ದಲ್ಲ. ಪೆಟ್ಟಿಗೆ ಒಂದು ಫೈಲ್ ಕೊಡುತ್ತದೆ, ನೀವು ಬಾಗಿಲಲ್ಲೇ ನಿಂತು ಅದನ್ನು 150 ಚೂರು ಮಾಡುತ್ತೀರಿ. ಯಾಕೆ? ಇಡೀ ಫೈಲ್ ಒಂದೇ ಮೆಸೇಜ್ ಆಗಲಿ. 150 ರೆಕಾರ್ಡ್ ಅಂದರೆ ಹತ್ತಿಪ್ಪತ್ತು ಕೆಬಿ ಇರಬಹುದು, ರಾಬಿಟ್‌ಗೆ ಅದು ಭಾರವೇ ಅಲ್ಲ. ಆಗ 380 ಡೇರಿ, ಎರಡು ಹೊತ್ತು, ಒಟ್ಟು 760 ಮೆಸೇಜ್. ಲಕ್ಷದ ಮಾತೇ ಇಲ್ಲ. ಎಪಿಐ ಕೆಲಸ ಒಂದು ಪಬ್ಲಿಷ್, ಒಂದು ಕನ್‌ಫರ್ಮ್ (ಕೈಗೆ ಸೇರಿತು ಅಂತ ಬ್ರೋಕರ್ ಕೊಡುವ ಉತ್ತರ), ಮುಗೀತು. ಚೂರು ಮಾಡುವುದು ವರ್ಕರ್‌ನ ಪಾಲಿಗಿರಲಿ. ಅದೂ ಒಂದೊಂದು ಸಾಲಿಗೆ ಒಂದೊಂದು ಕಮಿಟ್ ಮಾಡಬೇಡಿ, ನಿಮ್ಮ 250 ಅಲ್ಲಿಗೇ ಸಿಕ್ಕಿಕೊಂಡಿದೆ ಅಂತ ನನ್ನ ಅನುಮಾನ. 150 ಸಾಲು ಒಂದೇ ಇನ್ಸರ್ಟ್, ಒಂದೇ ಕಮಿಟ್.

ಕನ್‌ಫರ್ಮ್ ಅಂದೆ, ಅದನ್ನು ಆನ್ ಮಾಡಿದ್ದೀರಾ? ಇಲ್ಲದಿದ್ದರೆ ನೀವು 200 ಅಂತ ಉತ್ತರ ಕೊಟ್ಟಾಗ ಮೆಸೇಜ್ ನಿಜವಾಗಿ ಬ್ರೋಕರ್ ಕೈಗೆ ಸೇರಿದೆಯೋ ಸಾಕೆಟ್ಟಿನಲ್ಲೇ ಇದೆಯೋ ನಿಮಗೆ ಗೊತ್ತಿರುವುದಿಲ್ಲ. ಪೆಟ್ಟಿಗೆ ಮಾತ್ರ 200 ನೋಡಿ ಫೈಲ್ ಅಳಿಸಿರುತ್ತದೆ. ಕನ್‌ಫರ್ಮ್ ಬಂದ ಮೇಲೆಯೇ 200 ಕೊಡಿ. ಇದೇ ನೋಡಿ ನನ್ನ ಪ್ರಕಾರ ನಿಜವಾದ ವೇಗಮಿತಿ. ಸೆಕೆಂಡಿಗೆ ಇಷ್ಟು ಅಂತ ಗಡಿಯಾರ ನೋಡಿ ಕಳಿಸುವುದಲ್ಲ, ಕೈಯಲ್ಲಿ ಇಷ್ಟಕ್ಕಿಂತ ಜಾಸ್ತಿ ಉತ್ತರ ಬಾಕಿ ಇರಬಾರದು ಅಂತ ಕಟ್ಟುವುದು. ಬ್ರೋಕರ್ ಚುರುಕಾಗಿದ್ದರೆ ನೀವೂ ಚುರುಕು, ಅದು ತೂಕಡಿಸಿದರೆ ನೀವೂ ನಿಲ್ಲುತ್ತೀರಿ. ಸಂಖ್ಯೆ ಊಹಿಸುವ ಗೋಜಿಲ್ಲ.

ಆಮೇಲೆ ಕ್ಯೂಗೆ ಎತ್ತರ ಕಟ್ಟಿ. ಎಕ್ಸ್-ಮ್ಯಾಕ್ಸ್-ಲೆಂತ್ 5,000 ಇರಲಿ, ಸಾವಿರದ ನೂರು ಡೇರಿಯೂ ಎರಡು ದಿನ ಸತ್ತು ಬದುಕಿದರೆ 4,400 ಫೈಲ್, ಅಷ್ಟು ಹಿಡಿಯುತ್ತದೆ. ಆದರೆ ದಯವಿಟ್ಟು, ಕೈಮುಗಿದು ಹೇಳುತ್ತೇನೆ, ಎಕ್ಸ್-ಓವರ್‌ಫ್ಲೋ ಮುಟ್ಟದೆ ಬಿಡಬೇಡಿ. ಡಿಫಾಲ್ಟ್ ಡ್ರಾಪ್-ಹೆಡ್. ಅಂದರೆ ಕ್ಯೂ ತುಂಬಿದಾಗ ಹೊಸದಕ್ಕೆ ಜಾಗ ಮಾಡಲು ಎಲ್ಲಕ್ಕಿಂತ ಹಳೆಯದನ್ನು ಸದ್ದಿಲ್ಲದೆ ಚೆಲ್ಲುತ್ತದೆ. ಟ್ರ್ಯಾಕರ್‌ನ ಹಳೆ ಜಾಗ ಹೋದರೆ ಹೋಯಿತು, ನಿಮ್ಮಲ್ಲಿ ಅದು ಯಾರದೋ ಮನೆಯ ಹಾಲಿನ ದುಡ್ಡು. ರಿಜೆಕ್ಟ್-ಪಬ್ಲಿಷ್ ಹಾಕಿ. ಆಗ ತುಂಬಿದ ಕ್ಯೂ ಹೊಸದನ್ನು ಬೇಡ ಅನ್ನುತ್ತದೆ, ಕನ್‌ಫರ್ಮ್ ಆನ್ ಇದ್ದರೆ ನಿಮಗೆ ನ್ಯಾಕ್ (ತಗೊಳ್ಳಲಿಲ್ಲ ಅನ್ನುವ ಉತ್ತರ) ಬರುತ್ತದೆ, ನೀವು ಪೆಟ್ಟಿಗೆಗೆ 503 (ಈಗ ಆಗುವುದಿಲ್ಲ) ಕೊಡುತ್ತೀರಿ, ಫೈಲ್ ಪೆಟ್ಟಿಗೆಯಲ್ಲೇ ಭದ್ರ. ಡೇರಿಯಲ್ಲಿ ಕೂಲರ್ ತುಂಬಿದರೆ ಕ್ಯಾನನ್ನು ಹೊರಗೇ ಇಡುತ್ತಾರೆ ಹೊರತು, ಕೆಳಗಿನ ನಲ್ಲಿ ಬಿಚ್ಚಿ ಹಳೇ ಹಾಲನ್ನು ಚರಂಡಿಗೆ ಬಿಡುತ್ತಾರಾ?

ಈಗ ಆ 300 ಕಿವುಡರ ವಿಷಯ. ಅವಕ್ಕೆ ಅರ್ಥವಾಗುವುದು ಎರಡೇ ಮಾತು: 10 ಸೆಕೆಂಡ್ ಒಳಗೆ 200, ಇಲ್ಲವೇ ಇನ್ನೇನೋ. ಸರಿ, ಆ ಎರಡು ಮಾತಲ್ಲೇ ಮಾತಾಡೋಣ. ಎಪಿಐ ಮುಂದೆ ಎಂಜಿನ್‌ಎಕ್ಸ್ (ಬಂದ ರಿಕ್ವೆಸ್ಟನ್ನು ಒಳಗೆ ದಾಟಿಸುವ ವೆಬ್ ಸರ್ವರ್) ಇದೆ ತಾನೆ? ಫೈಲ್ ಬರುವ ದಾರಿಗೆ ಮಾತ್ರ ಅದರ ವೇಗಮಿತಿ ಲಿಮಿಟ್_ರೆಕ್ ಹಾಕಿ, ಸೆಕೆಂಡಿಗೆ 10, ಬರ್ಸ್ಟ್ (ಮಿತಿಯ ಮೇಲೆ ಬಂದರೂ ತಗೊಳ್ಳುವಷ್ಟು) 70. ಕೀ ಜಾಗದಲ್ಲಿ ಪೆಟ್ಟಿಗೆಯ ಐಪಿ ಬೇಡ, ಎಲ್ಲರಿಗೂ ಒಂದೇ ಬಕೆಟ್ ಆಗಬೇಕು, ಹಾಗಾಗಿ ಸರ್ವರ್ ಹೆಸರನ್ನೇ ಕೀ ಮಾಡಿ. ನೋಡಿಲೇ (nodelay) ಅನ್ನುವ ಪದ ಸೇರಿಸಬೇಡಿ, ಸೇರಿಸಿದರೆ ಆ 70ನ್ನೂ ಒಟ್ಟಿಗೆ ಒಳಗೆ ಬಿಡುತ್ತದೆ. ಸೇರಿಸದಿದ್ದರೆ 70 ಜನರನ್ನು ಸಾಲಲ್ಲಿ ನಿಲ್ಲಿಸಿ ಸೆಕೆಂಡಿಗೆ ಹತ್ತರಂತೆ ಬಿಡುತ್ತದೆ. ಸಾಲಿನ ಕೊನೆಯವನು ಕಾಯುವುದು 7 ಸೆಕೆಂಡ್. ಹಳೇಸರ್ವರ್ ಹೇಳಿದ ತಾಳ್ಮೆಯ ಲೆಕ್ಕ ಇಲ್ಲಿ ಬಂತು, 7 ಅನ್ನುವುದು 10ಕ್ಕಿಂತ ಕಡಿಮೆ, ಎಪಿಐ ಕೆಲಸಕ್ಕೆ ಇನ್ನೂ 3 ಸೆಕೆಂಡ್ ಕೈಯಲ್ಲಿದೆ. ಹಾಗಾಗಿ ಸಾಲಿಗೆ ಸೇರಿದವನು ಯಾವತ್ತೂ ಅರ್ಧದಲ್ಲಿ ಎದ್ದು ಹೋಗುವುದಿಲ್ಲ. 71ನೆಯ ನಂತರ ಬಂದವನಿಗೆ ಬಾಗಿಲಲ್ಲೇ, ಕ್ಷಣದಲ್ಲೇ, 503. ಅವನು 10 ಸೆಕೆಂಡ್ ಬಿಟ್ಟು ಬರುತ್ತಾನೆ. ಬರಲಿ. ಅವನನ್ನು ವಾಪಸ್ ಕಳಿಸಲು ನಿಮಗೆ ಆದ ಖರ್ಚು ಏನೂ ಇಲ್ಲ, ಪೈಥಾನ್ ತನಕ ಅವನು ಬಂದೇ ಇಲ್ಲ, ಕ್ಯೂಗೆ ಒಂದು ಮೆಸೇಜೂ ಬಿದ್ದಿಲ್ಲ. ಹತ್ತು ಸೆಕೆಂಡಿಗೆ 70ರಿಂದ 100 ಫೈಲ್ ಒಳಗೆ ಹೋದರೆ 760 ಫೈಲ್ ಎರಡು ನಿಮಿಷದೊಳಗೆ ಮುಗಿಯುತ್ತದೆ. ಯಾವ ಊರಿಗೂ ಹೋಗಿ ಕಾರ್ಡ್ ಬದಲಾಯಿಸುವುದು ಬೇಡ.

ಹೊಸ ಪೆಟ್ಟಿಗೆಗಳಿಗೆ ಮಾತ್ರ ಸ್ವಲ್ಪ ಬುದ್ಧಿ ಕಲಿಸಿ. ನೆಟ್ ಬಂದ ಕೂಡಲೇ ಓಡಬೇಡ, 0ರಿಂದ 60 ಸೆಕೆಂಡಿನೊಳಗೆ ಯಾವುದೋ ಒಂದು ಹೊತ್ತು ಆರಿಸಿಕೊಂಡು ಕಾಯಿ. ಸೋತರೆ ಕಾಯುವ ಹೊತ್ತನ್ನು ಇಮ್ಮಡಿ ಮಾಡು, ಅದರಲ್ಲೂ ಸ್ವಲ್ಪ ಯದ್ವಾತದ್ವಾ ಇರಲಿ. ಆ ಯದ್ವಾತದ್ವಾ ಇಲ್ಲದಿದ್ದರೆ ಎಲ್ಲವೂ ಒಟ್ಟಿಗೆ ಸೋತು, ಒಟ್ಟಿಗೆ ಕಾದು, ಒಟ್ಟಿಗೆ ವಾಪಸ್ ಬರುತ್ತವೆ, ಇಮ್ಮಡಿ ಮಾಡಿದ್ದೂ ದಂಡ.

ಬೆಂಚಿನಕೊನೆ

ಎಲ್ಲಾ ಸರಿ, ಟೋಕನ್ ಬಕೆಟ್ (ನಿಗದಿತ ವೇಗದಲ್ಲಿ ತುಂಬುವ ಟೋಕನ್ ಸಿಕ್ಕರೆ ಮಾತ್ರ ಕಳಿಸೋದು) ಬಗ್ಗೆ ಯಾರೂ ಹೇಳಲೇ ಇಲ್ವಲ್ಲ? ರೆಡಿಸ್‌ನಲ್ಲಿ (ಎಲ್ಲ ಪ್ರೊಸೆಸ್‌ಗೂ ಸಿಗುವ ಮೆಮೊರಿ ಡೇಟಾಬೇಸ್) ಒಂದು ಇಟ್ಟು ಎಂಟೂ ಪ್ರೊಸೆಸ್ ಅದರಿಂದಲೇ ಟೋಕನ್ ತಗೊಂಡರೆ ಆಯ್ತಲ್ಲ. ಇಂಟರ್‌ವ್ಯೂನಲ್ಲಿ ನಾನು ಅದನ್ನೇ ಹೇಳಿ ಕೆಲಸ ಗಿಟ್ಟಿಸಿದ್ದು.

ಕರಾವಳಿ_ಕೋಡ್

ಆಗುತ್ತದೆ. ಆದರೆ ಟೋಕನ್ ಸಿಗದಿದ್ದವನು ಏನು ಮಾಡಬೇಕು? ಅಲ್ಲೇ ನಿಂತು ಕಾದರೆ ಎಂಟು ಪ್ರೊಸೆಸ್ಸೂ ಟೋಕನ್ನಿಗೆ ಕಾಯುತ್ತಾ ಕೂರುತ್ತವೆ, ಆಗ ಮಾಮೂಲಿ ಡೇರಿಯಿಂದ ಒಂದೊಂದೇ ಬರುವ ರೆಕಾರ್ಡಿಗೂ ಜಾಗ ಇಲ್ಲ. ಕಾಯಿಸುವ ಕೆಲಸ ಎಂಜಿನ್‌ಎಕ್ಸ್‌ಗೆ ಅಗ್ಗ, ಅದು ಒಂದು ಕನೆಕ್ಷನ್ನನ್ನು ಸುಮ್ನೆ ಇಟ್ಟುಕೊಂಡಿರುತ್ತದೆ ಅಷ್ಟೇ. ಪೈಥಾನ್ ಎಪಿಐ ಓಡಿಸುವ ಗನಿಕಾರ್ನ್‌ನ ಸಿಂಕ್ ಪ್ರೊಸೆಸ್ ಒಂದು ಸಲಕ್ಕೆ ಒಂದೇ ರಿಕ್ವೆಸ್ಟ್ ನೋಡುವುದು, ಅದಕ್ಕೆ ಕಾಯಿಸುವುದು ದುಬಾರಿ. ಜಾಗ ನೋಡಿ ಬಕೆಟ್ ಇಡಬೇಕು.

ಹಳೇಸರ್ವರ್

ಕರಾವಳಿ ಅವರು ಹೇಳಿದ್ದಕ್ಕೆ ಮೂರು ಸಣ್ಣ ಸೇರಿಕೆ. ವರ್ಕರ್‌ನಲ್ಲಿ ಪ್ರಿಫೆಚ್ (ಒಂದು ಸಲಕ್ಕೆ ಎಷ್ಟು ಮೆಸೇಜ್ ಕೈಗೆ ಬರಬೇಕು ಅನ್ನುವ ಮಿತಿ) ಹಾಕಿದ್ದೀರಾ? ಹಾಕದಿದ್ದರೆ ಮಿತಿಯೇ ಇಲ್ಲ ಅಂತ ಅರ್ಥ, ರಾಬಿಟ್ ಇದ್ದದ್ದನ್ನೆಲ್ಲಾ ವರ್ಕರ್ ಮೇಲೆ ಸುರಿಯುತ್ತೆ, ಆ್ಯಕ್ (ಕೆಲಸ ಮುಗೀತು ಅನ್ನುವ ವರ್ಕರ್‌ನ ಉತ್ತರ) ಬರುವ ತನಕ ತನ್ನ ಬಳಿಯೂ ಇಟ್ಟುಕೊಂಡಿರುತ್ತೆ. ಫೈಲ್ ಲೆಕ್ಕದಲ್ಲಿ 5 ಅಥವಾ 10 ಸಾಕು. ಎರಡು, ಯಾವ ಪ್ರೊಸೆಸ್‌ನಲ್ಲಾದರೂ ಒಂದೇ ಕನೆಕ್ಷನ್ನಿನಲ್ಲಿ ಪಬ್ಲಿಷ್ಷೂ ಕನ್ಸ್ಯೂಮ್ಮೂ ಮಾಡುತ್ತಿದ್ದರೆ ಬೇರೆ ಮಾಡಿ. ಬ್ಲಾಕ್ ಆದಾಗ ಆ ಕನೆಕ್ಷನ್ನಿನ ಆ್ಯಕ್ ಕೂಡ ಒಳಗೆ ಹೋಗಲ್ಲ, ಆಗ ಕ್ಯೂ ಖಾಲಿಯಾಗಲ್ಲ, ಖಾಲಿಯಾಗದೆ ಬ್ಲಾಕ್ ತೆಗೆಯಲ್ಲ, ನಾಯಿ ಬಾಲ ಹಿಡಿಯಲು ಸುತ್ತಿದ ಹಾಗೆ. ಮೂರು, ಪೋಸ್ಟ್‌ಗ್ರೆಸ್‌ನಲ್ಲಿ ನೀವು ಎಣಿಸಿದ ಅದೇ ನಾಲ್ಕು ಕಾಲಮ್ಮಿಗೆ ಯುನೀಕ್ ಹಾಕಿ, ಇನ್ಸರ್ಟ್ ಕೊನೆಗೆ ಆನ್ ಕಾನ್‌ಫ್ಲಿಕ್ಟ್ ಡು ನಥಿಂಗ್, ಆಗ ನಾಲ್ಕೂ ಒಂದೇ ಇರುವ ಸಾಲು ಮತ್ತೆ ಬಂದರೆ ಬರೆಯದೆ ಸುಮ್ಮನೆ ಬಿಡುತ್ತೆ. ಎಷ್ಟೇ ಮಿತಿ ಹಾಕಿದರೂ 200 ಹೊರಟ ಮೇಲೆ ನೆಟ್ ಹೋದರೆ ಪೆಟ್ಟಿಗೆಗೆ ಅದು ತಲುಪಲ್ಲ, ಫೈಲ್ ಇನ್ನೊಮ್ಮೆ ಬಂದೇ ಬರುತ್ತೆ.

ದೊಡ್ಡ ಸರ್ವರ್ ದುಡ್ಡನ್ನು ಬಾಸ್ ಬೇರೆ ಯಾವುದಕ್ಕಾದರೂ ಇಟ್ಟುಕೊಳ್ಳಲಿ.

ಗಿಣ್ಣುಪ್ರಿಯ

ಹನ್ನೊಂದು ದಿನದ ಮೇಲೆ ಬರುತ್ತಿದ್ದೇನೆ. ಹೇಳಿದ್ದೆಲ್ಲಾ ಮಾಡಿದೆವು. ಫೈಲಿಗೊಂದು ಮೆಸೇಜ್, ಕನ್‌ಫರ್ಮ್, ರಿಜೆಕ್ಟ್-ಪಬ್ಲಿಷ್, ಪ್ರಿಫೆಚ್ 5, ಎಂಜಿನ್‌ಎಕ್ಸ್‌ನಲ್ಲಿ 10 ಮತ್ತು 70. ಸ್ಲೀಪ್ ಸಾಲನ್ನು ನಾನೇ ಕೈಯಾರೆ ಅಳಿಸಿದೆ. ಸುಮ್ನೆ ನಂಬೋದು ಬೇಡ ಅಂತ ಫೈರ್‌ವಾಲ್‌ನಲ್ಲಿ 400 ಡೇರಿಯ ದಾರಿಯನ್ನು ಶನಿವಾರ ಸಂಜೆ ಮುಚ್ಚಿ, ಭಾನುವಾರ ಬೆಳಿಗ್ಗೆ ಹಾಲು ಮುಗಿದ ಮೇಲೆ 9:30ಕ್ಕೆ ತೆರೆದೆವು. ಬಾಸ್ ಕೂಡ ಬಂದು ಕೂತಿದ್ದರು. ಕ್ಯೂ ಗ್ರಾಫ್ ಒಂದು ಸಣ್ಣ ಗುಡ್ಡ ಆಯಿತು, ಮೇಲೆ ಹೋದದ್ದು 40 ಫೈಲಿನ ಹತ್ತಿರ, ಎರಡು ನಿಮಿಷದಲ್ಲಿ ನೆಲಕ್ಕೆ ಬಂತು. "ಇಷ್ಟೇನಾ" ಅಂದರು. 503 ಎಣಿಸಿದರೆ ಎರಡು ಸಾವಿರದ ಮೇಲಿತ್ತು, ಆದರೆ ಎಪಿಐ ಸಿಪಿಯು ಅಲುಗಾಡಲಿಲ್ಲ. ಡೂಪ್ಲಿಕೇಟ್ ಬಂದದ್ದು ಮೂರೇ ಫೈಲ್, ಮೂರನ್ನೂ ಪೋಸ್ಟ್‌ಗ್ರೆಸ್ ಬಾಗಿಲಲ್ಲೇ ತಡೆಯಿತು.

ಆದರೆ ಸೋಮವಾರ ಎರಡು ಡೇರಿಯಿಂದ ಫೋನ್ ಬಂತು, ಈ ಸಲ ಉಲ್ಟಾ. ಭಾನುವಾರ ಬೆಳಗಿನ ಹಾಲೇ ಇಲ್ಲ. ಚೀಟಿ ಇದೆ, ಪುಸ್ತಕದಲ್ಲಿದೆ, ಸರ್ವರ್‌ನಲ್ಲಿ ಇಲ್ಲ. ನನ್ನ ಎದೆ ಧಸಕ್ ಅಂತು, ರಿಜೆಕ್ಟ್ ಆದದ್ದು ಎಲ್ಲೋ ಬಿದ್ದು ಹೋಯಿತಾ ಅಂತ. ಅರ್ಧ ದಿನ ಹುಡುಕಿದೆ. ಫೈಲ್ ಬಂದಿದೆ, ಕ್ಯೂಗೆ ಹೋಗಿದೆ, ವರ್ಕರ್ ತೆಗೆದಿದೆ, ಆ್ಯಕ್ ಕೊಟ್ಟಿದೆ. ಸಾಲು ಮಾತ್ರ ಇಲ್ಲ. ಕೊನೆಗೆ ಫೈಲ್ ಬಿಚ್ಚಿ ನೋಡಿದರೆ ತಾರೀಖು 1-1-1970. ಎರಡೂ ಹಳೇ ಪೆಟ್ಟಿಗೆ, ಒಳಗಿನ ಬಟನ್ ಸೆಲ್ ಸತ್ತಿದೆ. ಕರೆಂಟ್ ಹೋಗಿ ಬಂದಾಗ ಗಡಿಯಾರ 1970ರಿಂದ ಶುರು, ನೆಟ್ ಇದ್ದರೆ ಸರಿಮಾಡಿಕೊಳ್ಳುತ್ತೆ, ನೆಟ್ ನಾವೇ ಮುಚ್ಚಿದ್ದೆವು. ಶನಿವಾರ ಸಂಜೆಯೂ 1-1-1970, ಭಾನುವಾರ ಬೆಳಿಗ್ಗೆಯೂ 1-1-1970. ಹೊತ್ತನ್ನು ಪೆಟ್ಟಿಗೆ ಗಡಿಯಾರ ನೋಡಿಯೇ ಬರೆಯುವುದು, ಹಾಗಾಗಿ ಎರಡೂ ಬೆಳಿಗ್ಗೆ. ಕ್ರಮಸಂಖ್ಯೆ ಎರಡೂ ಸಲ 1ರಿಂದ. ನಾಲ್ಕು ಕಾಲಮ್ಮೂ ಒಂದೇ. ಡು ನಥಿಂಗ್ ಅಂದರೆ ಡು ನಥಿಂಗ್, ಏನೂ ಮಾಡದೆ ಕೂತಿತು.

ಫೈಲ್‌ಗಳನ್ನು ಬೇರೆ ಕಡೆ ಒಂದು ತಿಂಗಳು ಇಟ್ಟುಕೊಳ್ಳುತ್ತಿದ್ದೇವೆ, ಹಾಗಾಗಿ ಹಾಲು ವಾಪಸ್ ಸಿಕ್ಕಿತು, ಬಟವಾಡೆಗೆ ಮುಂಚೆಯೇ. ಆದರೆ ಹೋದ ತಿಂಗಳು ನಾನು 1,12,000 ಚಿಲ್ಲರೆ ಅಂತ ಎಣಿಸಿದ್ದು ಇದೇ ನಾಲ್ಕು ಕಾಲಮ್ ಇಟ್ಟುಕೊಂಡು ಅಲ್ವಾ?

ಹಳೇಸರ್ವರ್

ಹೌದು. ಅದನ್ನೂ ಇವತ್ತೇ ಮತ್ತೆ ಎಣಿಸಿ, ಲೀಟರ್ ಮತ್ತು ಫ್ಯಾಟ್ ಸೇರಿಸಿ. ಆ ನಾಲ್ಕು ಕಾಲಮ್ಮಿಗೆ ಯುನೀಕ್ ಹಾಕಿ ಅಂದವನು ನಾನೇ, ಗಡಿಯಾರದ ಮಾತು ನನಗೆ ಹೊಳೆಯಲಿಲ್ಲ. ಹಳೇ ಪೆಟ್ಟಿಗೆಯಲ್ಲಿ ಯಾವತ್ತೂ 1ಕ್ಕೆ ವಾಪಸ್ ಹೋಗದ ನಂಬರ್ ಏನಾದರೂ ಇದೆಯಾ, ಚೀಟಿ ನಂಬರ್ ಥರದ್ದು? ಇದ್ದರೆ ಡೇರಿ ನಂಬರ್ ಜೊತೆ ಅದೊಂದೇ ಕೀ ಸಾಕು. ಇಲ್ಲದಿದ್ದರೆ ಡು ನಥಿಂಗ್ ತೆಗೆದು, ಕೀ ಒಂದೇ ಇದ್ದು ಲೀಟರ್ ಬೇರೆ ಇರುವ ಸಾಲುಗಳನ್ನು ಇನ್ನೊಂದು ಟೇಬಲ್ಲಿಗೆ ಹಾಕಿ, ದಿನಾ ಸಂಜೆ ಒಬ್ಬ ಮನುಷ್ಯ ನೋಡಲಿ.

ಗಿಣ್ಣುಪ್ರಿಯ

ಚೀಟಿ ನಂಬರ್ ಇದೆ ಸರ್, 99,999 ಆದ ಮೇಲೆ 1ಕ್ಕೆ ಬರುತ್ತೆ. ಒಂದು ಡೇರಿಗೆ ದಿನಕ್ಕೆ 300 ಚೀಟಿ ಅಂದರೆ ಹನ್ನೊಂದು ತಿಂಗಳು. ಟೇಬಲ್ಲನ್ನು ತಿಂಗಳ ಲೆಕ್ಕದಲ್ಲಿ ಒಡೆದಿದ್ದೇವೆ, ಸರ್ವರ್‌ಗೆ ಬಂದು ಸೇರಿದ ತಿಂಗಳನ್ನು ಕೀಗೆ ಸೇರಿಸುತ್ತೇನೆ. ಮೂವತ್ತೊಂದನೇ ತಾರೀಖು ರಾತ್ರಿ ಬಂದ ಫೈಲ್ ಒಂದನೇ ತಾರೀಖು ಮತ್ತೆ ಬಂದರೆ ಏನು ಅಂತ ಬಾಸ್ ಈಗಷ್ಟೇ ಕೇಳಿ ಹೋದರು. ಎರಡನೇ ಟೇಬಲ್ಲೂ ಮಾಡುತ್ತಿದ್ದೇನೆ.